ಪ್ರೊಸೆಸರ್ ಅತಿತಾಪ: ಡೆಸ್ಕ್‌ಟಾಪ್ ಕಂಪ್ಯೂಟರುಗಳಲ್ಲಿ ಪತ್ತೆ ಮತ್ತು ಪರಿಹಾರ

ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರ್ ತನ್ನ ತಾಪಮಿತಿ ಮುಟ್ಟಿ ವೇಗ ತಗ್ಗಿಸಿಕೊಳ್ಳುವ ಅಥವಾ ಯಂತ್ರವೇ ಆರಿಹೋಗುವ ಸ್ಥಿತಿಗೆ ಅತಿತಾಪ ಎನ್ನುತ್ತಾರೆ. ಈಗಿನ ಬಹುಪಾಲು ಪ್ರೊಸೆಸರ್‌ಗಳಲ್ಲಿ ಈ ಮಿತಿ 90ರಿಂದ 105 ಡಿಗ್ರಿ ಸೆಲ್ಸಿಯಸ್. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ವಲಯದ ಹವೆ ಈ ತೊಂದರೆಗೆ ಅನುಕೂಲಕರವಾದದ್ದರಿಂದ ಇಲ್ಲಿ ಆ ವಲಯವನ್ನು ಮುಂದಿಟ್ಟುಕೊಂಡು ವಿವರಿಸಲಾಗಿದೆ.

ಹವೆ ಮತ್ತು ಮನೆ

ಗಾಳಿಯಿಂದ ತಣಿಯುವ ಪ್ರೊಸೆಸರ್ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಹೊರೆ, ಫ್ಯಾನಿನ ವೇಗ ಬದಲಾಗದೆ ಕೋಣೆ 10 ಡಿಗ್ರಿ ಕಾದರೆ ಪ್ರೊಸೆಸರ್ ಕೂಡ ಸುಮಾರು ಅಷ್ಟೇ ಕಾಯುತ್ತದೆ. ಹಾಗಾಗಿ ತಂತ್ರಾಂಶ ತೋರಿಸುವ ಅಂಕಿಗಿಂತ, ಅದರಿಂದ ಕೋಣೆಯ ಉಷ್ಣಾಂಶ ಕಳೆದಾಗ ಉಳಿಯುವ ವ್ಯತ್ಯಾಸವೇ ಮುಖ್ಯ. ಕಡಲಿನಿಂದ ಒಳಗಿರುವ ಡೊಂಬಿವಲಿ, ಕಲ್ಯಾಣಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಕಡಲಗಾಳಿ ತಡವಾದ ದಿನ ಉಷ್ಣಾಂಶ 40 ಡಿಗ್ರಿ ಮುಟ್ಟುವುದುಂಟು. ಜನವರಿಯ ಬೆಳಗ್ಗೆ 70 ತೋರಿಸುತ್ತಿದ್ದ ಯಂತ್ರ ಮೇ ಮಧ್ಯಾಹ್ನ 86 ತೋರಿಸಿದರೆ ಅದು ಕೆಟ್ಟಿದೆ ಎಂದೇನೂ ಅಲ್ಲ.

ನವಿ ಮುಂಬಯಿಯ ಐರೋಲಿ, ರಬಾಳೆ, ಮಹಾಪೆಗಳಲ್ಲಿ ದೊಡ್ಡ ಡೇಟಾ ಸೆಂಟರ್‌ಗಳಿವೆ. ಸರ್ವರ್‌ಗಳೊಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿಯೊಳಗಿರಲಿ ಎಂಬುದು ಅಂಥ ಕಡೆ ಒಪ್ಪಿತವಾದ ಶಿಫಾರಸು. ಮನೆಗಳಲ್ಲಿ ಅಂಥ ಏರ್ಪಾಡಿಲ್ಲ. ಥಾಣೆಯ ವರ್ತಕ ನಗರದ ಹಳೆಯ ಮ್ಹಾಡಾ (ಸರ್ಕಾರಿ ವಸತಿ ಮಂಡಳಿ) ಕಟ್ಟಡಗಳಂಥ ಸಣ್ಣ ಮನೆಗಳಲ್ಲಿ ಕಂಪ್ಯೂಟರಿಗೂ ಅಡುಗೆ ಒಲೆಗೂ ಒಂದೇ ಗೋಡೆ ಅಡ್ಡ. ಒಗ್ಗರಣೆಯ ಎಣ್ಣೆಹೊಗೆ, ಊದುಬತ್ತಿಯ ಹೊಗೆ, ಮಳೆಗಾಲದ ತೇವ ಸೇರಿದ ಧೂಳು ಊದಿದರೆ ಹಾರುವುದಿಲ್ಲ. ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ಲೋಹದ ಹಲಗೆಗಳ ಮೇಲೆ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಫ್ಯಾನ್ ಕಳಚದ ಹೊರತು ಅದು ಕಣ್ಣಿಗೆ ಬೀಳುವುದೂ ಇಲ್ಲ.

ಇತಿಹಾಸ

ಇಂಟೆಲ್ 386 (1985) ಹೀಟ್‌ಸಿಂಕ್ ಇಲ್ಲದೆಯೇ ನಡೆಯುತ್ತಿತ್ತು. 1993ರ 66 ಮೆಗಾಹರ್ಟ್ಸ್ ಪೆಂಟಿಯಂ ಸುಮಾರು 16 ವಾಟ್ ಬಿಸಿ ಹೊರಹಾಕಿ ಫ್ಯಾನನ್ನು ಮನೆಮಾತಾಗಿಸಿತು. ಟ್ರಾನ್ಸಿಸ್ಟರ್ ಕಿರಿದಾದಂತೆ ಅದು ಬಳಸುವ ವಿದ್ಯುತ್ತೂ ಅದೇ ಅಳತೆಯಲ್ಲಿ ಇಳಿಯುತ್ತದೆ ಎಂದು ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂರು ದಶಕ ಉದ್ಯಮ ಈ ಲೆಕ್ಕವನ್ನೇ ನಂಬಿತ್ತು. 90 ನ್ಯಾನೋಮೀಟರ್ ಹಂತಕ್ಕೆ ಬರುವಾಗ ಸೋರಿಕೆ ವಿದ್ಯುತ್ ಹೆಚ್ಚಿ ಲೆಕ್ಕ ಕೈಕೊಟ್ಟಿತು. 2004ರ ಫೆಬ್ರವರಿಯಲ್ಲಿ ಬಂದ ‘ಪ್ರೆಸ್ಕಾಟ್’ ಪೆಂಟಿಯಂ 4 ಸರಣಿಯ ಮೇಲ್ದರ್ಜೆಯ ಚಿಪ್‌ಗಳು 115 ವಾಟ್ ತಲುಪಿದವು. ಅದರ ಉತ್ತರಾಧಿಕಾರಿ ‘ತೇಜಸ್’ ಯೋಜನೆಯನ್ನು ಇಂಟೆಲ್ ಅದೇ ವರ್ಷದ ಮೇ ತಿಂಗಳಲ್ಲಿ ಕೈಬಿಟ್ಟಿತು. ಕ್ಯಾಬಿನೆಟ್ಟಿನೊಳಗಿನ ಗಾಳಿಯ ಹಾದಿಯನ್ನೇ ಬದಲಿಸಲು ತಂದ ಬಿಟಿಎಕ್ಸ್ ವಿನ್ಯಾಸವೂ ಹೆಚ್ಚು ದಿನ ಬಾಳಲಿಲ್ಲ. 2006ರ ಕೋರ್ 2 ಡ್ಯುಯೊ 65 ವಾಟ್‌ಗೆ ಇಳಿದು ಉಸಿರಾಡಲು ಬಿಟ್ಟಿತಾದರೂ, 2022ರ ಕೋರ್ ಐ9-13900ಕೆ ಪೂರ್ಣ ಹೊರೆಯಲ್ಲಿ 253 ವಾಟ್‌ವರೆಗೆ ಎಳೆಯುತ್ತದೆ. ಅದೇ ವರ್ಷದ ರೈಜನ್ 7000 ಸರಣಿಯ ಮೇಲ್ದರ್ಜೆಯ ಚಿಪ್‌ಗಳು ಭಾರಿ ಹೊರೆಯಲ್ಲಿ 95 ಡಿಗ್ರಿಯಲ್ಲೇ ನಡೆಯುವಂತೆ ರೂಪುಗೊಂಡಿವೆ. ಅಲ್ಲಿ 95 ಕಂಡರೆ ಅದು ದೋಷವಲ್ಲ.

ಪತ್ತೆ

ಎಚ್‌ಡಬ್ಲ್ಯುಇನ್ಫೊ ಅಥವಾ ಕೋರ್ ಟೆಂಪ್‌ನಂಥ ತಾಪ ತೋರಿಸುವ ತಂತ್ರಾಂಶದಲ್ಲಿ ತಾಪದ ಏರಿಕೆಯ ವೇಗವನ್ನು ನೋಡಬೇಕು. ಹೊರೆ ಬಿದ್ದ ಕೆಲವೇ ಸೆಕೆಂಡುಗಳಲ್ಲಿ 45ರಿಂದ 95ಕ್ಕೆ ಜಿಗಿದು, ಹೊರೆ ತೆಗೆದೊಡನೆ ಅಷ್ಟೇ ಬೇಗ ಇಳಿದರೆ ಸಾಮಾನ್ಯವಾಗಿ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ಸರಿಯಾದ ಸಂಪರ್ಕವಿಲ್ಲ. ಆಗ ಹೀಟ್‌ಸಿಂಕ್ ಮುಟ್ಟಿದರೆ ಬರೀ ಬೆಚ್ಚಗಿರುತ್ತದೆ. ಹತ್ತು ಹದಿನೈದು ನಿಮಿಷ ಮೆಲ್ಲನೆ ಏರಿದರೆ ದೋಷ ಧೂಳಿನದ್ದೋ ಗಾಳಿಯದ್ದೋ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಾಗ ಐದಾರು ಡಿಗ್ರಿ ಇಳಿದರೆ ಒಳಗೆ ಗಾಳಿ ಆಡುತ್ತಿಲ್ಲ ಎಂಬುದು ಖಚಿತ.

2004ರ ಎಲ್‌ಜಿಎ 775 ಸಾಕೆಟ್‌ನೊಂದಿಗೆ ಇಂಟೆಲ್ ಕೂಲರಿಗೆ (ಹೀಟ್‌ಸಿಂಕ್ ಮತ್ತು ಫ್ಯಾನಿನ ಜೋಡಿಗೆ) ನಾಲ್ಕು ಪ್ಲಾಸ್ಟಿಕ್ ಪಿನ್ ಬಂದವು. ಸಂಪರ್ಕದ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇವನ್ನೇ. ಒಂದು ಪಿನ್ ಸಡಿಲಾದರೂ ಕೂಲರ್ ಓರೆಯಾಗುತ್ತದೆ, ನಡುವೆ ಗಾಳಿ ಸೇರುತ್ತದೆ. ತಾಮ್ರದ ಉಷ್ಣವಾಹಕತೆ ಸುಮಾರು 400 ಆಗಿದ್ದರೆ ಅದೇ ಮಾನದಲ್ಲಿ ಗಾಳಿಯದ್ದು 0.026 ಮಾತ್ರ. ಕೂದಲೆಳೆಯ ಸಂದು ಸಾಕು.

ಪರಿಹಾರ

ವಿದ್ಯುತ್ ಸಂಪರ್ಕ ತೆಗೆದು, ಫ್ಯಾನ್ ಕಳಚಿ, ಅಂಟಿದ ಧೂಳನ್ನು ಮೃದು ಬ್ರಷ್‌ನಿಂದ ಎಬ್ಬಿಸಿ ಬ್ಲೋಯರ್ ಹಿಡಿಯಬೇಕು. ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಒತ್ತಿಹಿಡಿಯದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು. ಆಮೇಲೆ ಕೂಲರ್ ಬಿಚ್ಚಿ, ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ನಡುವೆ ಬಟಾಣಿ ಕಾಳಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟರೆ ಸಾಕು. ಪಿನ್‌ಗಳನ್ನು ಮೂಲೆಗೆ ಮೂಲೆ ಎದುರಾಗಿ ಒತ್ತಿ, ಪ್ರತಿಯೊಂದೂ ಬೋರ್ಡಿನ ಹಿಂಬದಿಯಲ್ಲಿ ಕಾಲು ಅಗಲಿಸಿ ಕೂತಿದೆಯೇ ಎಂದು ನೋಡಬೇಕು.

ಅನಂತರ ಬಯಾಸ್. ಕೆಲವು ಮದರ್‌ಬೋರ್ಡ್‌ಗಳು ಪ್ರೊಸೆಸರ್ ತಯಾರಕರ ವಾಟ್ ಮಿತಿಯನ್ನು ತಾವಾಗಿಯೇ ಸಡಿಲಿಸಿರುತ್ತವೆ. ಅದನ್ನು ಮರಳಿ ಕೂರಿಸಿದರೆ ತಾಪ ಇಳಿಯುತ್ತದೆ. ವಿಂಡೋಸಿನ ಪವರ್ ಪ್ಲಾನ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 99 ಪ್ರತಿಶತಕ್ಕೆ ಇಳಿಸಿದರೆ ಬಹಳಷ್ಟು ಯಂತ್ರಗಳಲ್ಲಿ ವೇಗ ತಾನಾಗಿ ಏರಿಸುವ ಟರ್ಬೊ ನಿಲ್ಲುತ್ತದೆ. ವೇಗ ಸ್ವಲ್ಪ ಕಡಿಮೆಯಾದರೂ ಎಸಿ ಇಲ್ಲದ ಕೋಣೆಗೆ ಇದು ಒಳ್ಳೆಯ ಉಪಾಯ. ಲಿಕ್ವಿಡ್ ಕೂಲರ್ ಕೂಡ ಬಿಸಿಯನ್ನು ಕೋಣೆಯ ಗಾಳಿಗೇ ಬಿಡುವುದರಿಂದ ಸೆಕೆಯ ಮನೆಗೆ ಅದು ತಾನಾಗಿ ಮದ್ದಲ್ಲ. ಹೊಸ ಕೂಲರಿಗೋ ಪ್ರೊಸೆಸರಿಗೋ ಹಣ ಹಾಕುವ ಮುನ್ನ ಕೋಣೆಯ ಉಷ್ಣಾಂಶ ಬರೆದಿಟ್ಟುಕೊಳ್ಳಿ, ನಾಲ್ಕು ಪಿನ್‌ಗಳನ್ನು ಒತ್ತಿ ನೋಡಿ.