ಕನಸಿಗೂ ಹಸಿವು ಬೇಕು

1919ರ ಜೂನ್‌ನಲ್ಲಿ ತೆರೆಕಂಡ ‘ಸನ್ನಿಸೈಡ್’ ಚಾರ್ಲಿ ಚಾಪ್ಲಿನ್‌ನನ್ನು ಮೆಚ್ಚಿದವರಿಗೂ ನಿರಾಸೆ ತಂದ ಮೂಕಿ ಚಿತ್ರ. ಹಿಂದಿನ ವರ್ಷವಷ್ಟೇ ‘ಎ ಡಾಗ್ಸ್ ಲೈಫ್’, ‘ಶೋಲ್ಡರ್ ಆರ್ಮ್ಸ್’ ಬಂದು ಗೆದ್ದಿದ್ದವು. ಎಂಟು ಚಿತ್ರಗಳಿಗೆ ಹತ್ತು ಲಕ್ಷ ಡಾಲರ್ ಕೊಡಲು ಫಸ್ಟ್ ನ್ಯಾಷನಲ್ ಸಂಸ್ಥೆ ಒಪ್ಪಿತ್ತು. ಹಾಲಿವುಡ್‌ನಲ್ಲಿ ಸ್ವಂತ ಸ್ಟುಡಿಯೊ ಎದ್ದಿತ್ತು. ಇಷ್ಟೆಲ್ಲ ಇದ್ದೂ ಮೂರು ರೀಲಿನ ಈ ಹಳ್ಳಿಯ ಕಥೆ ಸೊರಗಿತು. ಮಿಲ್ಡ್ರೆಡ್ ಹ್ಯಾರಿಸ್ ಜತೆಗಿನ ನೆಮ್ಮದಿಯಿಲ್ಲದ ದಾಂಪತ್ಯವೇ ಕಾರಣ ಎಂಬ ಮಾತು ರೂಢಿಯಲ್ಲಿದೆ. ಆದರೆ ಆ ಜುಲೈನಲ್ಲಿ ಹುಟ್ಟಿದ ಅವರ ಮಗು ಮೂರೇ ದಿನ ಬದುಕಿತು. ಆ ದುಃಖ ಆರುವ ಮೊದಲೇ ಚಾಪ್ಲಿನ್ ‘ದಿ ಕಿಡ್’ ಚಿತ್ರಕ್ಕೆ ಕೈಹಾಕಿದ. ಮನೆಯ ಸಂಕಟ ಕಲೆಯನ್ನು ಬತ್ತಿಸುವುದಾದರೆ ಆ ಮಹತ್ವದ ಚಿತ್ರ ಹುಟ್ಟಬಾರದಿತ್ತು. ಕಾರಣವನ್ನು ‘ಸನ್ನಿಸೈಡ್’ನ ಒಳಗೇ ಹುಡುಕಬೇಕು.

ಇಲ್ಲಿ ಚಾಪ್ಲಿನ್‌ನ ಎಂದಿನ ಅಲೆಮಾರಿ ಪಾತ್ರ ಚಾರ್ಲಿ ಹಳ್ಳಿಯ ಹೋಟೆಲೊಂದರ ಆಳು. ಕೋಳಿಯನ್ನು ಬಾಣಲೆಯ ಮೇಲೆ ಕೂರಿಸಿ ಮೊಟ್ಟೆ ಇಡಿಸುತ್ತಾನೆ, ಹಸುವಿನ ಹಾಲನ್ನು ನೇರ ಕಪ್ಪಿಗೇ ಕರೆಯುತ್ತಾನೆ. ನಗು ಬರುತ್ತದೆ, ನಿಜ. ಆದರೆ ಒಂದು ನಗು ಇನ್ನೊಂದಕ್ಕೆ ದಾರಿ ಮಾಡುವುದಿಲ್ಲ. ಊಟ, ಸೂರು ಎರಡೂ ಇರುವ ಅಲೆಮಾರಿಗೆ ಪಣಕ್ಕಿಡಲು ಏನೂ ಉಳಿದಿಲ್ಲ. ‘ದಿ ಪಾನ್‌ಶಾಪ್’ ಚಿತ್ರದ ಗಿರವಿ ಅಂಗಡಿಯಲ್ಲೂ ಅವನು ಆಳೇ ಅಲ್ಲವೇ ಎಂದು ಕೇಳಬಹುದು. ಅಲ್ಲಿ ಕೆಲಸ ಹೋಗುವ ಭಯ ಬೆನ್ನಿಗಿದೆ, ಗಡಿಯಾರವನ್ನು ರೋಗಿಯಂತೆ ಪರೀಕ್ಷಿಸಿ ಬಿಚ್ಚಿಹಾಕುವ ದೃಶ್ಯವೂ ಆ ಅಂಗಡಿಯ ಕಸುಬಿನಿಂದಲೇ ಹುಟ್ಟುತ್ತದೆ.

ಸೇತುವೆಯಿಂದ ಬಿದ್ದ ಚಾರ್ಲಿ ಕನಸಿನಲ್ಲಿ ವನಕನ್ಯೆಯರೊಂದಿಗೆ ಕುಣಿಯುವ ಭಾಗ ಸೊಗಸಾಗಿದೆ ಎನ್ನುವವರ ಮಾತನ್ನು ನಾನೂ ಒಪ್ಪುತ್ತೇನೆ. ಕೆಲವೇ ವರ್ಷ ಹಿಂದೆ ಚಾಪ್ಲಿನ್‌ನ ಚಿತ್ರೀಕರಣ ನೋಡಲು ಬಂದಿದ್ದ ನರ್ತಕ ನಿಜಿನ್‌ಸ್ಕಿಯ ನೆನಪು ಆ ಹೆಜ್ಜೆಗಳಲ್ಲಿದೆ. ಆದರೆ ನಾಯಕಿ ಎಡ್ನಾ ಪರ್ವಿಯನ್ಸ್ ಜತೆಗಿನ ಪ್ರೇಮವಾಗಲಿ, ಪಟ್ಟಣದಿಂದ ಬರುವ ಪ್ರತಿಸ್ಪರ್ಧಿಯಾಗಲಿ ಕಥೆಯನ್ನು ಹಿಡಿಯುವುದು ಈ ಕನಸು ಮುಗಿದ ಮೇಲೆ. ಏನನ್ನೂ ಕಳೆದುಕೊಳ್ಳದವನ ಕನಸು ಬರೀ ಅಲಂಕಾರವಾಗುತ್ತದೆ. ‘ದಿ ಕಿಡ್’ನಲ್ಲಿ ಮಗು ಕೈತಪ್ಪಿದ ಮೇಲೆ ಅದೇ ಬಡ ಓಣಿ ಸ್ವರ್ಗವಾಗುತ್ತದೆ, 1925ರ ‘ದಿ ಗೋಲ್ಡ್ ರಶ್’ನಲ್ಲಿ ಕರೆದ ಅತಿಥಿಗಳು ಬಾರದ ಹೊಸ ವರ್ಷದ ಮುನ್ನಾರಾತ್ರಿ ಚಾರ್ಲಿ ಕನಸಿನಲ್ಲಿ ಬ್ರೆಡ್ಡು ಕುಣಿಸುತ್ತಾನೆ. ತಂತ್ರ ಅದೇ, ಹಿಂದೆ ನಿಂತ ಕೊರತೆ ಮಾತ್ರ ಹೊಸದು. ಈ ಎರಡು ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದಾಗ ‘ಸನ್ನಿಸೈಡ್’ ಸೋತದ್ದೇಕೆ ಎಂಬುದು ತಿಳಿಯುತ್ತದೆ: ಚಾಪ್ಲಿನ್‌ನ ಪ್ರತಿಭೆ ಅಲ್ಲಿ ಕುಂದಿರಲಿಲ್ಲ, ಅವನ ಅಲೆಮಾರಿಗೆ ಬೇಕಾದ ಹಸಿವನ್ನು ಕಥೆ ಒದಗಿಸಲಿಲ್ಲ.