ಗಣಿಸ್ಫೋಟ: ಬತ್ತಿಯಿಂದ ನಿಸ್ತಂತುವಿನವರೆಗೆ

ಗಣಿಗಾರಿಕೆಯ ಚರಿತ್ರೆಯಲ್ಲಿ ಸಿಡಿಮದ್ದಿನ ಶಕ್ತಿಯು ಹೇಗೆ ಹೆಚ್ಚುತ್ತ ಬಂದಿತೆಂಬ ಸಂಗತಿಗೆ ಸಾಮಾನ್ಯವಾಗಿ ಪ್ರಾಧಾನ್ಯ ದೊರೆಯುತ್ತದೆ. ಆದರೆ ಆ ಮದ್ದನ್ನು ಯಾವ ಕ್ಷಣದಲ್ಲಿ, ಎಷ್ಟು ದೂರದಿಂದ ಹೊತ್ತಿಸಬೇಕೆಂಬ ಪ್ರಶ್ನೆಯೇ ಕೆಲಸಗಾರನ ಪ್ರಾಣಕ್ಕೆ ಹೆಚ್ಚು ಸಂಬಂಧಿಸಿದುದೆಂದು ನಾವು ಭಾವಿಸುತ್ತೇವೆ.

19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಕರಿಮದ್ದು ತುಂಬಿದ ಹುಲ್ಲಿನ ಅಥವಾ ಗರಿಯ ಕೊಳವೆಯೇ ಬತ್ತಿಯಾಗಿದ್ದಿತು. ಅದು ಒಮ್ಮೆ ಬೇಗನೆ, ಒಮ್ಮೆ ನಿಧಾನವಾಗಿ ಉರಿಯುತ್ತಿದ್ದುದರಿಂದ ಅನೇಕರು ಸತ್ತರು, ಅನೇಕರು ಕಣ್ಣು ಕಳೆದುಕೊಂಡರು. ಚರ್ಮದ ವ್ಯಾಪಾರಿಯಾಗಿದ್ದ ವಿಲಿಯಂ ಬಿಕ್‌ಫರ್ಡನು ಮದ್ದಿನ ಎಳೆಯ ಸುತ್ತ ನೂಲನ್ನು ಹೊಸೆದು, 1831ರಲ್ಲಿ ಸುರಕ್ಷಿತ ಬತ್ತಿಗೆ ಪೇಟೆಂಟ್ ಪಡೆದನು. ಒಂದು ಅಡಿ ಬತ್ತಿ ಸುಮಾರು 30 ಸೆಕೆಂಡು ಉರಿಯುತ್ತಿದ್ದಿತು. ಹೀಗೆ ಬತ್ತಿಯ ಉದ್ದವೇ ದೂರ ಸರಿಯಲು ದೊರೆಯುವ ಕಾಲದ ಅಳತೆಯಾಯಿತು. ಮುಂದೆ ಆಲ್ಫ್ರೆಡ್ ನೊಬೆಲನು 1860ರ ದಶಕದಲ್ಲಿ ಡಿಟೋನೇಟರನ್ನೂ 1867ರಲ್ಲಿ ಡೈನಮೈಟನ್ನೂ ಬಳಕೆಗೆ ತಂದನು.

ಈ ಕಥೆಗೂ ನಮ್ಮ ನಾಡಿಗೂ ಸಂಬಂಧವುಂಟು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಕೈಗೆತ್ತಿಕೊಂಡ ಮೇಲೆ ಕಾರ್ನ್‌ವಾಲಿನ ಗಣಿಗಾರರೂ ಅವರ ಕೆಲಸದ ಪದ್ಧತಿಯೂ ಇಲ್ಲಿಗೆ ಬಂದುವು. 2001ರಲ್ಲಿ ಮುಚ್ಚಿದ ಆ ಗಣಿಗಳ ಆಳವು 3 ಕಿಲೋಮೀಟರನ್ನು ಮೀರಿದ್ದಿತು.

ವಿದ್ಯುತ್ ಡಿಟೋನೇಟರು ಮನುಷ್ಯನನ್ನು ತಂತಿಯ ಉದ್ದದಷ್ಟು ದೂರ ನಿಲ್ಲಿಸಿತು. ಆದರೆ ಸಿಡಿಲು, ದಾರಿತಪ್ಪಿದ ವಿದ್ಯುತ್ತು, ರೇಡಿಯೋ ತರಂಗ ಇವುಗಳಿಂದಲೂ ಅದು ಅಕಾಲದಲ್ಲಿ ಸಿಡಿಯುವ ಭಯವಿದ್ದಿತು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಂದ ಎಲೆಕ್ಟ್ರಾನಿಕ್ ಡಿಟೋನೇಟರಿನೊಳಗೆ ಚಿಪ್ ಇರುತ್ತದೆ. ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆಯುಂಟು. ಸಿಡಿಯುವ ಕಾಲವನ್ನು 1 ಮಿಲಿಸೆಕೆಂಡಿನ ಅಂತರದಲ್ಲಿ ನಿಗದಿಗೊಳಿಸಬಹುದು. ಹೊತ್ತಿಸುವ ಮೊದಲೇ ಪರೀಕ್ಷಿಸಲೂಬಹುದು. ಸಿಡಿಯದೆ ಉಳಿದ ಮದ್ದಿಗೆ ಮುಂದಿನ ಪಾಳಿಯವನ ಬೈರಿಗೆ ತಗಲುವುದೇ ಗಣಿಯ ಹಳೆಯ ಮೃತ್ಯುಭಯವಾದುದರಿಂದ ಈ ಪರೀಕ್ಷೆಯು ಅಲ್ಪ ಸಂಗತಿಯಲ್ಲ.

2010ರ ದಶಕದಲ್ಲಿ ತಂತಿಯೂ ಕಳಚಿತು. ಸಾಮಾನ್ಯ ರೇಡಿಯೋ ತರಂಗವು ಬಂಡೆಯೊಳಗೆ ಬಹುದೂರ ಸಾಗದು. ಆದುದರಿಂದ ಕಡಿಮೆ ಆವರ್ತನದ ಕಾಂತಕ್ಷೇತ್ರದ ಮೂಲಕ ಸಂಕೇತಬದ್ಧ ಆಜ್ಞೆಯನ್ನು ಕಳುಹಿಸುತ್ತಾರೆ. ಕುಸಿಯಬಹುದಾದ ಚಾವಣಿಯ ಕೆಳಗೆ ತಂತಿ ಜೋಡಿಸಲು ಮತ್ತೆ ಹೋಗುವ ಅಗತ್ಯವು ಇದರಿಂದ ತಪ್ಪುತ್ತದೆ. ಹಿಂದೆ ಶತ್ರುವೆಂದು ದೂರವಿರಿಸಿದ್ದ ನಿಸ್ತಂತುವೇ ಸಂಕೇತದ ಕಟ್ಟಿಗೊಳಪಟ್ಟು ದೂತನಾದುದು ವಿಚಾರಾರ್ಹ.

ಆದರೂ ಮದ್ದನ್ನು ಕುಳಿಯಲ್ಲಿರಿಸುವ ಕೈ ಅನೇಕ ಗಣಿಗಳಲ್ಲಿ ಇಂದಿಗೂ ಮನುಷ್ಯನದೇ. ಆದಕಾರಣ ಹೊಸ ಸಾಧನವು ಎಷ್ಟು ಬಂಡೆಯನ್ನು ಒಡೆಯಿತೆಂಬುದನ್ನು ಮಾತ್ರವಲ್ಲದೆ, ಆ ಮನುಷ್ಯನಿಗೂ ಸ್ಫೋಟಕ್ಕೂ ನಡುವೆ ಎಷ್ಟು ಅಂತರವನ್ನು ಗಳಿಸಿಕೊಟ್ಟಿತೆಂಬುದನ್ನೂ ಚರಿತ್ರಕಾರನು ಅಳೆಯಬೇಕು.