ಅರಬ್ಬೀ ಪ್ರವಾಸಿಗಳ ಬರಹದಲ್ಲಿ ಮಾನ್ಯಖೇಟ

ವಾಡಿಯಿಂದ ಹೈದರಾಬಾದಿನ ಕಡೆಗೆ ಹೋಗುವ ರೈಲು ಚಿತ್ತಾಪುರವನ್ನು ದಾಟಿ ಸೇಡಮನ್ನು ಮುಟ್ಟುವ ಮೊದಲು ‘ಮಳಖೇಡ ರೋಡ್’ ಎಂಬ ಚಿಕ್ಕ ನಿಲ್ದಾಣವನ್ನು ಹಾದುಹೋಗುತ್ತದೆ. ಅದಕ್ಕೆ ಹೆಸರು ಕೊಟ್ಟ ಊರು ಕಾಗಿಣಾ ನದಿಯ ದಡದಲ್ಲಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಇದೇ. ಇಲ್ಲಿಯ ಒಡೆಯನನ್ನು ಒಂದು ಕಾಲದಲ್ಲಿ ಬಾಗ್ದಾದು, ಕಾನ್‌ಸ್ಟಾಂಟಿನೋಪಲುಗಳ ಒಡೆಯರ ಸಾಲಿನಲ್ಲಿ ಎಣಿಸುತ್ತಿದ್ದರೆಂದರೆ ಈಗ ಆ ದಾರಿಯಲ್ಲಿ ಹೋಗುವವರಿಗೆ ಸೋಜಿಗವೆನಿಸೀತು.

ಹಾಗೆ ಎಣಿಸಿದವರು ಅರಬ್ಬರು. ಸುಲೈಮಾನನೆಂಬ ವರ್ತಕನ ಹೆಸರಿನೊಡನೆ ಬಂದಿರುವ ಕ್ರಿ.ಶ. 851ರ ವೃತ್ತಾಂತದಲ್ಲಿ ಲೋಕದ ದೊಡ್ಡ ಅರಸರು ನಾಲ್ವರು. ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ಎಂದರೆ ಕಾನ್‌ಸ್ಟಾಂಟಿನೋಪಲಿನ ದೊರೆ, ಕೊನೆಗೆ ಕಿವಿ ಚುಚ್ಚಿಸಿಕೊಂಡವರ ಒಡೆಯನಾದ ಬಲ್ಹರ. ಬಲ್ಹರನೆಂದರೆ ನಮ್ಮ ವಲ್ಲಭರಾಜ. ಇದು ಒಬ್ಬನ ಅಂಕಿತನಾಮವಲ್ಲ, ಪಾರಸಿಕರ ಖುಸ್ರುವಿನಂತೆ ಎಲ್ಲರಿಗೂ ಸಲ್ಲುವ ಬಿರುದೆಂದು ವೃತ್ತಾಂತಕಾರನು ಸರಿಯಾಗಿಯೇ ತಿಳಿದಿದ್ದನು. ಈ ವಂಶದವರು ಐವತ್ತು ವರ್ಷ ಆಳುವುದೂ ಉಂಟೆಂಬ ಅವನ ಮಾತನ್ನು ಕಟ್ಟುಕಥೆಯೆಂದು ತಳ್ಳಲಾಗದು. ಆಗ ಪಟ್ಟದಲ್ಲಿದ್ದ ಅಮೋಘವರ್ಷನು 814ರಿಂದ 878ರ ವರೆಗೆ ಆಳಿದನು.

ಬಲ್ಹರನ ಜನರು ಅರಬ್ಬರಿಗೆ ಮಿತ್ರರು, ಗುರ್ಜರ ದೊರೆಯಂಥ ವೈರಿ ಮತ್ತೊಬ್ಬನಿಲ್ಲ ಎಂದು ಅವನು ಬರೆಯುವಾಗ ಮಾತ್ರ ನಾವು ಎಚ್ಚರವಾಗಿರಬೇಕು. ಸಿಂಧಿನ ಅರಬ್ಬರಿಗೂ ಗುರ್ಜರರಿಗೂ ಹಗೆತನವಿತ್ತು. ಗುರ್ಜರರು ರಾಷ್ಟ್ರಕೂಟರಿಗೂ ಶತ್ರುಗಳು. ಜನಸ್ವಭಾವದ ಭೇದವೆಂದು ಇಲ್ಲಿ ತೋರುವುದರಲ್ಲಿ ವ್ಯಾಪಾರ ಮತ್ತು ಯುದ್ಧಗಳ ಲೆಕ್ಕವೇ ಹೆಚ್ಚು.

ಅಲ್-ಮಸೂದಿಯ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ಹಿಜರಿ 304ರಲ್ಲಿ, ಎಂದರೆ 916ರ ಸುಮಾರಿಗೆ, ಅವನು ಕೊಂಕಣದ ಚೌಲಿನಲ್ಲಿದ್ದನು. ಅರಬ್ಬರ ಬಾಯಲ್ಲಿ ಆ ರೇವು ಸೈಮೂರ್. ಅಲ್ಲಿ ಸುಮಾರು ಹತ್ತು ಸಾವಿರ ಮುಸಲ್ಮಾನರಿದ್ದರೆಂದೂ, ಅವರ ವ್ಯವಹಾರಗಳಿಗೆ ಅವರಲ್ಲಿಯೇ ಒಬ್ಬ ಮುಖ್ಯಸ್ಥನಿದ್ದನೆಂದೂ ಹೇಳಿದ್ದಾನೆ. ಇದು ಕಣ್ಣಾರೆ ಕಂಡುದು. ಮಾಂಕೀರ್, ಅಂದರೆ ಮಾನ್ಯಖೇಟ, ಕಡಲಿನಿಂದ ಎಂಬತ್ತು ಸಿಂಧೀ ಫರ್ಸಖ್ ದೂರ, ಫರ್ಸಖಿಗೆ ಎಂಟು ಮೈಲಿ ಎನ್ನುತ್ತಾನೆ. 640 ಮೈಲಿಯಾಯಿತು, ನಿಜವಾದ ದೂರಕ್ಕೆ ಇಮ್ಮಡಿಗೂ ಮಿಗಿಲು! ಘಟ್ಟ ಹತ್ತಿ ಬಂದವನ ಲೆಕ್ಕವಲ್ಲ ಇದು.

ಹೀಗಿದ್ದರೂ ಅವನ ಒಂದು ಮಾತು ನಮಗೆ ಅಮೂಲ್ಯವಾದುದು. ಸೈಮೂರು, ಸೋಪಾರ, ಠಾಣೆಗಳ ಜನರು ಲಾರಿಯಾ ಎಂಬ ಭಾಷೆಯನ್ನಾಡುವರು. ರಾಜಧಾನಿಯವರ ಭಾಷೆ ಕಿರಿಯಾ. ಈ ಕಿರಿಯಾ ಕನ್ನಡವೇ ಇರಬೇಕೆಂದು ಹಲವು ವಿದ್ವಾಂಸರ ಊಹೆ. ಅರಸನೊಬ್ಬನೇ ಆದರೂ ಘಟ್ಟದ ಮೇಲೆ ಒಂದು ನುಡಿ, ಕೆಳಗೆ ಇನ್ನೊಂದು ಎಂಬುದನ್ನು ರೇವಿನಲ್ಲಿದ್ದ ಪರದೇಶಿಯು ಕೇಳಿ ತಿಳಿದು ಬರೆದಿಟ್ಟನು.

ಸುಲೈಮಾನನ ವೃತ್ತಾಂತದ ಕಾಲದಲ್ಲಿಯೇ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡಿನಲ್ಲಿ ಕಾಣುತ್ತದೆ; ಆ ಎಣಿಕೆಯಲ್ಲಿ ಮಾನ್ಯಖೇಟವಿಲ್ಲ. ನಾನಾ ದೇಶದವರು ಸೇರುವ ರಾಜಧಾನಿಯಲ್ಲಿ ನುಡಿಯೂ ಬೆರಕೆಯಾಗಿತ್ತೋ ಏನೋ. ಮಸೂದಿಯು ಚೌಲಿನಿಂದ ಮೇಲಕ್ಕೆ ಬಂದಿದ್ದರೆ, 972ರಲ್ಲಿ ಪರಮಾರ ಸೀಯಕನು ಸೂರೆಮಾಡುವುದಕ್ಕೆ ಅರ್ಧಶತಮಾನ ಮುಂಚಿನ ಆ ಪಟ್ಟಣದ ಅಂಗಡಿಬೀದಿಯಲ್ಲಿ ಯಾರು ಯಾವ ನುಡಿಯಲ್ಲಿ ಚೌಕಾಸಿ ಮಾಡುತ್ತಿದ್ದರೆಂಬುದು ನಮಗೆ ತಿಳಿದುಬರುತ್ತಿತ್ತು.